ಜೆಲ್‌ನಲ್ಲಿ ಮೂಡಿದ ಮೆದುಳಿನ ಮಡಿಕೆಗಳು: 2016ರ ಒಂದು ಪ್ರಯೋಗದ ಪ್ರಕರಣ ಅಧ್ಯಯನ

2016ರ ಫೆಬ್ರುವರಿಯಲ್ಲಿ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಬಂಧವು ಮೆದುಳಿನ ಬೆಳವಣಿಗೆಯ ಬಗೆಗಿನ ಬಹಳ ಹಳೆಯ ಪ್ರಶ್ನೆಯೊಂದನ್ನು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು ಪರೀಕ್ಷಿಸಿತು. ಫಿನ್‌ಲ್ಯಾಂಡಿನ ಟುವೊಮಸ್ ಟಾಲಿನೆನ್, ಹಾರ್ವರ್ಡ್ ವಿಶ್ವವಿದ್ಯಾಲಯದ ಜುನ್ ಯಂಗ್ ಚುಂಗ್ ಮತ್ತು ಎಲ್. ಮಹದೇವನ್, ಫ್ರಾನ್ಸಿನ ಫ್ರಾಂಸ್ವಾ ರೂಸೊ, ನಾದಿನ್ ಜಿರಾರ್ ಹಾಗೂ ಜೂಲಿಯನ್ ಲೆಫೆವ್ರ್, ಈ ಆರು ಮಂದಿ ಸೇರಿ 22 ವಾರಗಳ ಭ್ರೂಣವೊಂದರ ಮೆದುಳಿನ ಆಕಾರವನ್ನು ಮೃದುವಾದ ಜೆಲ್‌ನಲ್ಲಿ ಎರಕ ಹೊಯ್ದು, ಅದರ ಹೊರಪದರ ಮಾತ್ರ ಉಬ್ಬುವಂತೆ ಮಾಡಿದರು. ಆ ಜೆಲ್‌ನಲ್ಲಿ ಜೀವಕೋಶವಿರಲಿಲ್ಲ, ವಂಶವಾಹಿ ಇರಲಿಲ್ಲ, ಸುತ್ತ ತಲೆಬುರುಡೆಯೂ ಇರಲಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಅದರ ಮೇಲ್ಮೈ ತಾನಾಗಿ ಮಡಿಚಿಕೊಂಡು, ಬೆಳೆದ ಮೆದುಳನ್ನು ಬಲ್ಲವರು ಗುರುತು ಹಿಡಿಯಬಹುದಾದ ಉಬ್ಬುತಗ್ಗುಗಳನ್ನು ತಳೆಯಿತು.

ಈ ಪ್ರಯೋಗ ಯಾವ ಪ್ರಶ್ನೆಯಿಂದ ಹುಟ್ಟಿತು, ಏನನ್ನು ತೋರಿಸಿತು, ಯಾವುದನ್ನು ತೋರಿಸಲಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಮೂರನೆಯದಕ್ಕೂ ಸಾಕಷ್ಟು ಜಾಗ ಬೇಕಾಗುತ್ತದೆ. ಮಡಿಕೆಗಳಿಗೆ ಕಾರಣ ಭೌತಬಲವೇ ಹೊರತು ವಂಶವಾಹಿಯಲ್ಲ ಎಂಬ ತೀರ್ಮಾನ ಈ ಪ್ರಯೋಗದ ಚಿತ್ರಗಳನ್ನು ನೋಡಿದವರಿಗೆ ಬೇಗನೆ ಹೊಳೆಯುತ್ತದೆ. ಆದರೆ ಪ್ರಯೋಗದ ನಿಜವಾದ ಫಲಿತಾಂಶ ಅದಲ್ಲ ಎಂಬುದೇ ಈ ಲೇಖನದ ವಾದ.

ವಿಷಯದ ಹಿನ್ನೆಲೆ

ಮನುಷ್ಯನ ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಸರಾಸರಿ ಎರಡೂವರೆ ಮಿಲಿಮೀಟರ್ ದಪ್ಪದ ಬೂದು ದ್ರವ್ಯದ ಹಾಳೆ. ಎರಡೂ ಅರ್ಧಗೋಳಗಳದನ್ನು ಬಿಡಿಸಿ ಹರಡಿದರೆ ಅದರ ವಿಸ್ತೀರ್ಣ ಸುಮಾರು 2000 ಚದರ ಸೆಂಟಿಮೀಟರ್ ಆಗುತ್ತದೆ. ಇದರಲ್ಲಿ ಮೂರನೇ ಎರಡು ಭಾಗದಷ್ಟು ಹೊರಗಿನಿಂದ ಕಾಣದಂತೆ ಮಡಿಕೆಗಳ ಒಳಗೆ ಅಡಗಿರುತ್ತದೆ. ಹೊರಗೆ ಉಬ್ಬಿಕೊಂಡಿರುವ ಭಾಗವನ್ನು ಗೈರಸ್ ಎಂದೂ ಒಳಗೆ ಇಳಿದ ಸೀಳನ್ನು ಸಲ್ಕಸ್ ಎಂದೂ ವೈದ್ಯಶಾಸ್ತ್ರದಲ್ಲಿ ಕರೆಯುತ್ತಾರೆ. ಹಾಳೆಯ ಕೆಳಗಿರುವುದು ನರತಂತುಗಳಿಂದ ತುಂಬಿದ ಬಿಳಿ ದ್ರವ್ಯ.

ಈ ಮಡಿಕೆಗಳು ಆರಂಭದಿಂದ ಇರುವುದಿಲ್ಲ. ಗರ್ಭಧಾರಣೆಯ ಮಧ್ಯಭಾಗದವರೆಗೂ ಭ್ರೂಣದ ಮೆದುಳು ಬಹುಮಟ್ಟಿಗೆ ನಯವಾಗಿರುತ್ತದೆ. ಪಕ್ಕದಲ್ಲಿ ಸಿಲ್ವಿಯನ್ ಸೀಳಿನ ಅಗಲವಾದ ತಗ್ಗು ಮೊದಲೇ ಕಾಣಿಸಿಕೊಳ್ಳುತ್ತದೆ; 20ನೇ ವಾರದ ನಂತರ ಕೇಂದ್ರ ಸಲ್ಕಸ್ ಮೊದಲಾದ ಪ್ರಾಥಮಿಕ ಸೀಳುಗಳು ಒಂದೊಂದಾಗಿ ಇಳಿಯುತ್ತವೆ; ಕೊನೆಯ ಮೂರು ತಿಂಗಳಲ್ಲಿ ಅವುಗಳ ನಡುವೆ ಕವಲುಗಳೂ ಸಣ್ಣ ಸೀಳುಗಳೂ ತುಂಬಿಕೊಳ್ಳುತ್ತವೆ. 22ನೇ ವಾರದಿಂದ ಪ್ರೌಢಾವಸ್ಥೆಯವರೆಗೆ ಮೆದುಳಿನ ಗಾತ್ರ ಸುಮಾರು 20 ಪಟ್ಟು ಹೆಚ್ಚಿದರೆ ಕಾರ್ಟೆಕ್ಸ್‌ನ ವಿಸ್ತೀರ್ಣ ಸುಮಾರು 30 ಪಟ್ಟು ಹೆಚ್ಚುತ್ತದೆ. ಆಕಾರ ಬದಲಾಗದೆ ಗಾತ್ರ 20 ಪಟ್ಟು ಬೆಳೆಯುವ ವಸ್ತುವಿನ ಮೇಲ್ಮೈ ಏಳೆಂಟು ಪಟ್ಟು ಬೆಳೆದರೆ ಸಾಕಾಗುತ್ತದೆ. ಉಳಿದ ವಿಸ್ತೀರ್ಣ ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಿಂದಲೇ ಮಡಿಕೆಯ ಪ್ರಶ್ನೆ ಹುಟ್ಟುತ್ತದೆ.

ಮೊದಲಿನ ವಿವರಣೆಗಳು

ಎಲ್ಲರಿಗೂ ತಟ್ಟನೆ ತೋಚುವ ಉತ್ತರ ತಲೆಬುರುಡೆಯದು: ಬೆಳೆಯುವ ಮೆದುಳಿಗೆ ಜಾಗ ಸಾಲದೆ ಅದು ಮಡಿಚಿಕೊಳ್ಳುತ್ತದೆ. ಶಾಲೆಯ ಪಾಠಗಳಲ್ಲಿಯೂ ಇದನ್ನು ಕೇಳಿದ ನೆನಪು ಅನೇಕರಿಗಿರಬಹುದು. ಆದರೆ ಇದು ನಿಲ್ಲುವ ವಿವರಣೆಯಲ್ಲ. ಭ್ರೂಣದ ಮೆದುಳಿಗೂ ಬುರುಡೆಗೂ ನಡುವೆ ದ್ರವ ತುಂಬಿದ ಜಾಗವಿರುತ್ತದೆ, ಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ, ಒಳಗಿನ ಒತ್ತಡಕ್ಕೆ ತಕ್ಕಂತೆ ಬುರುಡೆಯೇ ಹಿಗ್ಗುತ್ತದೆ. ಮೆದುಳಿನೊಳಗೆ ದ್ರವ ತುಂಬಿಕೊಳ್ಳುವ ಹೈಡ್ರೋಸೆಫಲಸ್ ಕಾಯಿಲೆಯಲ್ಲಿ ಶಿಶುವಿನ ತಲೆ ದೊಡ್ಡದಾಗುವುದು ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ. 1950ರಲ್ಲಿ ಡೊನಾಲ್ಡ್ ಬ್ಯಾರನ್ ಕುರಿಯ ಭ್ರೂಣಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮೆದುಳಿನ ಉಳಿದ ಭಾಗದೊಂದಿಗಿನ ಸಂಪರ್ಕ ಕಡಿದ ಕಾರ್ಟೆಕ್ಸ್ ಕೂಡ ಮಡಿಚಿಕೊಂಡಿತು. ಮಡಿಸುವ ಬಲ ಹೊರಗಿನಿಂದ ಬರುವುದಲ್ಲ, ಕಾರ್ಟೆಕ್ಸ್ ಮತ್ತು ಅದಕ್ಕೆ ಅಂಟಿಕೊಂಡ ಅಂಗಾಂಶದಲ್ಲಿಯೇ ಹುಟ್ಟುವುದು ಎಂಬ ಸೂಚನೆ ಅಲ್ಲಿ ಸಿಕ್ಕಿತು.

1975ರಲ್ಲಿ ರಿಚ್‌ಮನ್, ಸ್ಟುವರ್ಟ್, ಹಚಿನ್ಸನ್ ಮತ್ತು ಕ್ಯಾವಿನೆಸ್ ಇದಕ್ಕೆ ಯಂತ್ರಶಾಸ್ತ್ರದ ರೂಪ ಕೊಟ್ಟರು. ಕಾರ್ಟೆಕ್ಸ್‌ನ ಮೇಲಿನ ಪದರಗಳು ಒಳಗಿನವಕ್ಕಿಂತ ವೇಗವಾಗಿ ಬೆಳೆದರೆ, ಅಡ್ಡಲಾಗಿ ಒತ್ತಲ್ಪಟ್ಟ ಹಾಳೆ ಸುಕ್ಕುಗಟ್ಟುವಂತೆ ಕಾರ್ಟೆಕ್ಸ್ ಬಾಗುತ್ತದೆ ಎಂಬುದು ಅವರ ಮಾದರಿ. ಚಿಂತನೆಯ ದಿಕ್ಕು ಸರಿಯಾಗಿತ್ತು, ಆದರೆ ಅಳತೆಗೆ ಹೊಂದುವ ಮಡಿಕೆಗಳು ಬರಬೇಕಾದರೆ ಹೊರಪದರವು ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು ಗಡುಸಾಗಿರಬೇಕಿತ್ತು. ವಾಸ್ತವದಲ್ಲಿ ಬೂದು ದ್ರವ್ಯ, ಬಿಳಿ ದ್ರವ್ಯಗಳೆರಡೂ ತೀರಾ ಮೃದು. ಅವುಗಳ ಗಡಸುತನ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು.

ಇನ್ನೊಂದು ದಾರಿಯನ್ನು 1997ರಲ್ಲಿ ಡೇವಿಡ್ ವ್ಯಾನ್ ಎಸೆನ್ ಮುಂದಿಟ್ಟರು. ಪರಸ್ಪರ ಹೆಚ್ಚು ಸಂಪರ್ಕವಿರುವ ಕಾರ್ಟೆಕ್ಸ್ ಭಾಗಗಳನ್ನು ಅವುಗಳ ನಡುವಿನ ನರತಂತುಗಳು ಹತ್ತಿರಕ್ಕೆ ಎಳೆಯುತ್ತವೆ, ಆ ಸೆಳೆತದಿಂದ ನಡುವೆ ಉಬ್ಬು ಮೂಡುತ್ತದೆ ಎಂಬ ಈ ವಿವರಣೆ ಆಕರ್ಷಕವಾಗಿತ್ತು, ಏಕೆಂದರೆ ಅದು ಮೆದುಳಿನ ಆಕಾರವನ್ನು ಅದರ ಕೆಲಸದ ಜೊತೆ ನೇರವಾಗಿ ಜೋಡಿಸುತ್ತಿತ್ತು. 2010ರಲ್ಲಿ ಗ್ಯಾಂಗ್ ಷು, ಫಿಲಿಪ್ ಬೇಲಿ, ಲ್ಯಾರಿ ಟೇಬರ್ ಮತ್ತು ಸಂಗಡಿಗರು ಫೆರೆಟ್ ಎಂಬ ಚಿಕ್ಕ ಸಸ್ತನಿಯ ಬೆಳೆಯುತ್ತಿರುವ ಮರಿಗಳ ಮೆದುಳಿನ ಅಂಗಾಂಶವನ್ನು ಬೇರೆ ಬೇರೆ ದಿಕ್ಕಿನಲ್ಲಿ ಕೊಯ್ದು, ಕೊಯ್ತದ ಬಾಯಿ ತೆರೆದುಕೊಳ್ಳುವುದೋ ಮುಚ್ಚಿಕೊಳ್ಳುವುದೋ ಎಂದು ಪರೀಕ್ಷಿಸಿದರು. ಸೆಳೆತ ಇರುವುದು ನಿಜವೆಂದು ತಿಳಿಯಿತು. ಆದರೆ ಒಂದು ಉಬ್ಬಿನ ಎರಡು ಗೋಡೆಗಳನ್ನು ಅಡ್ಡಲಾಗಿ ಎಳೆದು ಹಿಡಿಯುವಂತಹ ಸೆಳೆತ, ಆ ಸಿದ್ಧಾಂತಕ್ಕೆ ಬೇಕಾಗಿದ್ದ ಜಾಗದಲ್ಲಿ, ಕಾಣಲಿಲ್ಲ. ಒಂದು ಚಿಕ್ಕ ಕೊಯ್ತ ಇಷ್ಟು ಸ್ಪಷ್ಟವಾಗಿ ಎರಡು ಸಾಧ್ಯತೆಗಳನ್ನು ಬೇರ್ಪಡಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಪ್ರಯೋಗ

ಟಾಲಿನೆನ್, ಚುಂಗ್, ಮಹದೇವನ್ ಇದಕ್ಕೆ ಮೊದಲೇ, 2014ರಲ್ಲಿ, ಜಾನ್ ಬಿಗಿನ್ಸ್ ಅವರೊಂದಿಗೆ ಇನ್ನೊಂದು ಪ್ರಬಂಧ ಪ್ರಕಟಿಸಿದ್ದರು. ಮದ್ರಾಸ್ ಐಐಟಿಯಲ್ಲಿ ಓದಿದ ಮಹದೇವನ್, ಬಟ್ಟೆಯ ನೆರಿಗೆ, ಎಲೆಯ ಅಂಚಿನ ಅಲೆ, ಕರುಳಿನ ಸುರುಳಿಯಂತಹ ಆಕಾರಗಳ ಗಣಿತವನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಾ ಬಂದವರು. ಮೃದುವಾದ ಒಳಭಾಗಕ್ಕೆ ಅಂಟಿಕೊಂಡ ಪದರವೊಂದು ಅಡ್ಡಲಾಗಿ ಬೆಳೆದಾಗ ಏನಾಗುತ್ತದೆ ಎಂಬುದು ಎರಡರ ಗಡಸುತನದ ಅನುಪಾತವನ್ನು ಅವಲಂಬಿಸಿದೆ ಎಂದು 2014ರ ಕೆಲಸ ವಿವರಿಸಿತು. ಹೊರಪದರ ಬಹಳ ಗಡುಸಾಗಿದ್ದರೆ ಏರಿಳಿತಗಳೆರಡೂ ದುಂಡಾದ ಅಲೆಗಳು ಏಳುತ್ತವೆ. ಒಳಭಾಗ ಬಹಳ ಗಡುಸಾಗಿದ್ದರೆ ಒಳಭಾಗ ಬಾಗುವುದೇ ಇಲ್ಲ, ಮೇಲ್ಮೈಯಲ್ಲಷ್ಟೇ ಚೂಪಾದ ಗೀರುಗಳು ಬೀಳುತ್ತವೆ. ಹಿಗ್ಗಿಸಬಲ್ಲ ಮೃದುವಸ್ತುಗಳ ಮೇಲ್ಮೈ ಹೀಗೆ ಹಠಾತ್ತಾಗಿ ಒಳಮಡಿಚಿಕೊಳ್ಳುವುದನ್ನು ಮಾರಿಸ್ ಬಯೋ 1960ರ ದಶಕದಲ್ಲೇ ಗಣಿತದಲ್ಲಿ ಅಧ್ಯಯನ ಮಾಡಿದ್ದರು. ಎರಡರ ಗಡಸುತನ ಹತ್ತಿರಹತ್ತಿರ ಇದ್ದಾಗ ಮೂರನೆಯ ಬಗೆಯ ಆಕಾರ ಬರುತ್ತದೆ: ಉಬ್ಬುಗಳು ದುಂಡಾಗಿರುತ್ತವೆ, ತಗ್ಗುಗಳು ಮಾತ್ರ ಚೂಪಾಗಿ ಆಳಕ್ಕೆ ಇಳಿಯುತ್ತವೆ. ಮೆದುಳಿನಲ್ಲಿ ನಾವು ನೋಡುವುದು ನಿಖರವಾಗಿ ಇದನ್ನೇ. 1975ರ ಮಾದರಿಗೆ ಅಡ್ಡಿಯಾಗಿದ್ದ ಅಳತೆಯೇ ಇಲ್ಲಿ ವಿವರಣೆಯ ಆಧಾರವಾದದ್ದು ಈ ಪ್ರಕರಣದ ಅತ್ಯಂತ ತೃಪ್ತಿಕರವಾದ ಅಂಶ.

ನೆನೆಹಾಕಿದ ಒಣ ಅವರೆಕಾಳಿನಲ್ಲಿ ಇದರ ಒಂದು ಅಂಶವನ್ನು ನೋಡಬಹುದು. ನೀರು ಮೊದಲು ಸಿಪ್ಪೆಗೆ ಸಿಗುವುದರಿಂದ ಸಿಪ್ಪೆ ಹಿಗ್ಗಿ ಸುಕ್ಕುಗಟ್ಟುತ್ತದೆ. ಒಳಗಿನ ಬೇಳೆ ನೀರು ಕುಡಿದು ಉಬ್ಬಿದ ಮೇಲೆ ಸುಕ್ಕು ಮಾಯವಾಗುತ್ತದೆ. ಅವರೆಯ ಸಿಪ್ಪೆ ಬೇಳೆಯಿಂದ ಬಿಡಿಸಿಕೊಳ್ಳಬಲ್ಲದು, ಕಾರ್ಟೆಕ್ಸ್ ಬಿಳಿ ದ್ರವ್ಯದಿಂದ ಬಿಡಿಸಿಕೊಳ್ಳಲಾರದು, ಆದ್ದರಿಂದ ಅದು ಮಡಿಚಿಕೊಳ್ಳುವಾಗ ಒಳಭಾಗವನ್ನೂ ತನ್ನೊಂದಿಗೆ ಎಳೆದೊಯ್ಯುತ್ತದೆ.

2014ರ ಜೆಲ್ ಕೇವಲ ಅರ್ಧಗೋಳಾಕಾರದ್ದಾಗಿತ್ತು. ಅದರಲ್ಲಿ ಮೂಡಿದ ಮಡಿಕೆಗಳು ಮೆದುಳಿನವನ್ನು ಹೋಲುತ್ತಿದ್ದರೂ ಯಾವ ಸೀಳು ಎಲ್ಲಿ ಎಂದು ಹೇಳುವಂತಿರಲಿಲ್ಲ. 2016ರ ಪ್ರಯೋಗ ಈ ಮುಂದಿನ ಹೆಜ್ಜೆಯನ್ನಿಟ್ಟಿತು. 22 ವಾರಗಳ ಭ್ರೂಣದ ಮೆದುಳಿನ ಎಂಆರ್‌ಐ ಚಿತ್ರಗಳಿಂದ ಆಕಾರವನ್ನು ಪಡೆದು, ತ್ರೀಡಿ ಮುದ್ರಣದಲ್ಲಿ ಅದರ ಪ್ರತಿಕೃತಿ ತಯಾರಿಸಿ, ಪ್ರತಿಕೃತಿಯಿಂದ ಸಿಲಿಕೋನ್ ಅಚ್ಚು ತೆಗೆದು, ಅಚ್ಚಿನಲ್ಲಿ ಸಿಲಿಕೋನ್ ಜೆಲ್ ಹೊಯ್ದು, ಹೀಗೆ ದೊರೆತ ನಯವಾದ ಮೆದುಳಿಗೆ ಕಾರ್ಟೆಕ್ಸ್‌ನ ಸ್ಥಾನದಲ್ಲಿ ಇನ್ನೊಂದು ತೆಳುವಾದ ಜೆಲ್ ಪದರವನ್ನು ಲೇಪಿಸಲಾಯಿತು. ಬಳಿಕ ಇಡೀ ವಸ್ತುವನ್ನು ಹೆಕ್ಸೇನ್ ದ್ರಾವಕದಲ್ಲಿ ಮುಳುಗಿಸಿದರು. ದ್ರಾವಕವನ್ನು ಹೀರಿದ ಹೊರಪದರ ಹಿಗ್ಗಲು ನೋಡಿತು, ಒಳಭಾಗ ಬಿಡಲಿಲ್ಲ. ಅಡ್ಡ ಒತ್ತಡ ಒಂದು ಮಿತಿ ದಾಟಿದೊಡನೆ ಸೀಳುಗಳು ಇಳಿಯತೊಡಗಿದವು. ಇದರ ಜೊತೆಗೆ ಅದೇ ಆಕಾರದಿಂದ ಆರಂಭಿಸಿ, ಪ್ರೌಢಾವಸ್ಥೆಯವರೆಗಿನ ಬೆಳವಣಿಗೆಯನ್ನು ಅನುಸರಿಸುವ ಕಂಪ್ಯೂಟರ್ ಲೆಕ್ಕಾಚಾರವನ್ನೂ ನಡೆಸಲಾಯಿತು. ಆ ಲೆಕ್ಕದಲ್ಲಿ ಕಾರ್ಟೆಕ್ಸ್ ಎಲ್ಲೆಡೆ ಸಮಾನವಾಗಿ ಬೆಳೆಯುತ್ತದೆ ಎಂದೇ ಇಟ್ಟುಕೊಳ್ಳಲಾಗಿತ್ತು. ಯಾವ ಜಾಗಕ್ಕೂ ವಿಶೇಷ ಸೂಚನೆ ಕೊಡದೆ ಏನು ಬರುತ್ತದೆಂದು ನೋಡುವುದೇ ಉದ್ದೇಶವಾದ್ದರಿಂದ ಈ ಸರಳೀಕರಣ ಬೇಕೆಂದೇ ಮಾಡಿದ್ದು.

ಫಲಿತಾಂಶ ಮತ್ತು ಅದರ ಅರ್ಥ

ಜೆಲ್‌ನಲ್ಲೂ ಲೆಕ್ಕಾಚಾರದಲ್ಲೂ ಮೂಡಿದ ದೊಡ್ಡ ಸೀಳುಗಳು ನಿಜವಾದ ಮೆದುಳಿನ ಪ್ರಾಥಮಿಕ ಸೀಳುಗಳನ್ನು ಸ್ಥಾನದಲ್ಲಿಯೂ ದಿಕ್ಕಿನಲ್ಲಿಯೂ ಗಮನಾರ್ಹವಾಗಿ ಹೋಲುತ್ತಿದ್ದವು. ಇದರ ಕಾರಣ ಆರಂಭದ ಆಕಾರದಲ್ಲಿದೆ. ಭ್ರೂಣದ ಮೆದುಳು ಶುದ್ಧ ಗೋಳವಲ್ಲ. ಅದು ಉದ್ದನೆಯದು, ಕೆಲವೆಡೆ ಹೆಚ್ಚು ಬಾಗಿದ್ದು, ಕೆಲವೆಡೆ ಚಪ್ಪಟೆ, ಸಿಲ್ವಿಯನ್ ಸೀಳಿನ ಬಳಿ ತಗ್ಗು. ಇಂತಹ ಮೇಲ್ಮೈ ಸಮಾನವಾಗಿ ಬೆಳೆದರೂ ಒತ್ತಡ ಎಲ್ಲ ದಿಕ್ಕಿನಲ್ಲೂ ಒಂದೇ ಆಗಿರುವುದಿಲ್ಲ. ಒತ್ತಡ ಅತಿ ಹೆಚ್ಚಿರುವ ದಿಕ್ಕಿಗೆ ಅಡ್ಡಲಾಗಿ ಮೊದಲ ಸೀಳು ಬೀಳುತ್ತದೆ. ಒಮ್ಮೆ ಸೀಳು ಬಿದ್ದರೆ ಅದರ ಸುತ್ತಲಿನ ಒತ್ತಡ ಹಂಚಿಕೆಯೇ ಬದಲಾಗುವುದರಿಂದ ಮುಂದಿನ ಸೀಳಿನ ಜಾಗವನ್ನು ಹಿಂದಿನದು ನಿರ್ಧರಿಸುತ್ತಾ ಹೋಗುತ್ತದೆ. ಪ್ರಾಥಮಿಕ ಸೀಳುಗಳು ಎಲ್ಲ ಮನುಷ್ಯರಲ್ಲಿಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುವುದು ಮತ್ತು ತಡವಾಗಿ ಮೂಡುವ ಸಣ್ಣ ಸೀಳುಗಳು ಒಂದೇ ಬಗೆಯ ವಂಶವಾಹಿಗಳಿರುವ ಅವಳಿಗಳಲ್ಲಿ ಕೂಡ ಬೇರೆಬೇರೆಯಾಗಿರುವುದು, ಇವೆರಡೂ ಈ ಸರಪಳಿಯಿಂದ ಅರ್ಥವಾಗುತ್ತವೆ: ಆರಂಭದ ಆಕಾರ ಸಮಾನ, ಆದ್ದರಿಂದ ಮೊದಲ ಸೀಳುಗಳು ಸಮಾನ, ಮುಂದಿನ ಪ್ರತಿ ಹಂತದಲ್ಲೂ ಚಿಕ್ಕ ವ್ಯತ್ಯಾಸಗಳು ಕೂಡುತ್ತಾ ಹೋಗುತ್ತವೆ.

ಪ್ರಯೋಗ ಸಾಧಿಸಿದ್ದನ್ನು ಹೀಗೆ ಹೇಳಬಹುದು. ಮೆದುಳಿನಂತಹ ಮಡಿಕೆಗಳು ಬರಬೇಕಾದರೆ ಬುರುಡೆಯ ಅಡ್ಡಿ ಬೇಕಿಲ್ಲ, ನರತಂತುಗಳ ಸೆಳೆತ ಬೇಕಿಲ್ಲ, ಪ್ರತಿ ಸೀಳಿಗೂ ಪ್ರತ್ಯೇಕ ಅಪ್ಪಣೆ ಬೇಕಿಲ್ಲ; ಮೃದುವಾದ ಒಳಭಾಗಕ್ಕೆ ಅಂಟಿದ, ಅಷ್ಟೇ ಮೃದುವಾದ ಹೊರಪದರದ ಹೆಚ್ಚಿನ ಬೆಳವಣಿಗೆ ಮತ್ತು ಸರಿಯಾದ ಆರಂಭದ ಆಕಾರ ಸಾಕು. ಸಾಕು ಎಂಬುದೂ ಇದೊಂದೇ ಎಂಬುದೂ ಬೇರೆಬೇರೆ ಹೇಳಿಕೆಗಳು. ಜೀವಂತ ಮೆದುಳಿನಲ್ಲಿ ಸೆಳೆತ ಇದೆ, ಬೆಳವಣಿಗೆ ಎಲ್ಲೆಡೆ ಸಮಾನವಲ್ಲ, ಅಂಗಾಂಶ ಕಾಲಕ್ರಮದಲ್ಲಿ ತನ್ನ ಒತ್ತಡವನ್ನು ತಾನೇ ಸಡಿಲಿಸಿಕೊಳ್ಳಬಲ್ಲದು. ಜೆಲ್ ಹೊರಗಿನಿಂದ ದ್ರಾವಕ ಹೀರಿ ಹಿಗ್ಗುತ್ತದೆ. ಕಾರ್ಟೆಕ್ಸ್ ಆಳದಲ್ಲಿ ಹುಟ್ಟಿ ಮೇಲಕ್ಕೆ ವಲಸೆ ಬಂದ ನರಕೋಶಗಳಿಂದ, ಅವುಗಳ ಕವಲುಗಳ ವಿಸ್ತಾರದಿಂದ, ಹೊಸ ಸಂಪರ್ಕಗಳಿಂದ ಬೆಳೆಯುತ್ತದೆ.

ವಂಶವಾಹಿಗಳು ಪ್ರವೇಶಿಸುವುದು ಇಲ್ಲಿಯೇ. ಎಷ್ಟು ನರಕೋಶಗಳು ಹುಟ್ಟಬೇಕು, ಅವು ಎಷ್ಟು ದೂರ ವಲಸೆ ಹೋಗಬೇಕು, ಪದರ ಎಷ್ಟು ದಪ್ಪವಾಗಬೇಕು, ಎಲ್ಲಿ ಬೇಗ ಬೆಳೆಯಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ. ಈ ಪ್ರಮಾಣಗಳು ಸಿದ್ಧವಾದ ಮೇಲೆ ಅವನ್ನು ಆಕಾರವಾಗಿ ಪರಿವರ್ತಿಸುವುದು ಬಲಗಳ ಕೆಲಸ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ವಾದವೇ ತಪ್ಪು ತಳಹದಿಯ ಮೇಲೆ ನಿಂತಿದೆ ಎಂದು ನಾನು ದೃಢವಾಗಿ ನಂಬುತ್ತೇನೆ, ಮತ್ತು ಇದಕ್ಕೆ ಅತಿ ಬಲವಾದ ಸಾಕ್ಷ್ಯ ಕಾಯಿಲೆಗಳಿಂದ ಬರುತ್ತದೆ.

ಕಾಯಿಲೆಗಳ ಸಾಕ್ಷ್ಯ

ಬೆಳೆಯುವ ಪದರದ ಮಡಿಕೆಗಳ ಅಗಲ ಪದರದ ದಪ್ಪಕ್ಕೆ ಅನುಗುಣವಾಗಿರುತ್ತದೆ. ಪದರ ದಪ್ಪವಾದಷ್ಟೂ ಮಡಿಕೆಗಳು ಅಗಲವಾಗಿ ಕಡಿಮೆಯಾಗಬೇಕು, ತೆಳುವಾದಷ್ಟೂ ಕಿರಿದಾಗಿ ಹೆಚ್ಚಾಗಬೇಕು. ಲಿಸೆನ್‌ಸೆಫಲಿ ಎಂಬ ಅಪರೂಪದ ಸ್ಥಿತಿಯಲ್ಲಿ ನರಕೋಶಗಳು ತಮ್ಮ ಜಾಗಕ್ಕೆ ಪೂರ್ತಿ ವಲಸೆ ಹೋಗಲಾರದೆ ಕಾರ್ಟೆಕ್ಸ್ ಸಾಮಾನ್ಯಕ್ಕಿಂತ ಹಲವು ಪಟ್ಟು ದಪ್ಪವಾಗುತ್ತದೆ, ಮೆದುಳು ಹುಟ್ಟಿದ ಮೇಲೂ ಬಹುಮಟ್ಟಿಗೆ ನಯವಾಗಿಯೇ ಉಳಿಯುತ್ತದೆ. ಇಂತಹ ಮಕ್ಕಳಿಗೆ ತೀವ್ರ ಅಪಸ್ಮಾರ ಮತ್ತು ಬೆಳವಣಿಗೆಯ ಗಂಭೀರ ಕುಂಠಿತ ಉಂಟಾಗುತ್ತವೆ. ಪಾಲಿಮೈಕ್ರೋಗೈರಿಯಾ ಎಂಬ ಸ್ಥಿತಿಯಲ್ಲಿ ಇದಕ್ಕೆ ವಿರುದ್ಧವಾಗಿ ಪುಟ್ಟಪುಟ್ಟ ಮಡಿಕೆಗಳು ಅತಿಯಾಗಿ ಗುಂಪುಗೂಡಿರುತ್ತವೆ. ದಪ್ಪ ಮತ್ತು ಮಡಿಕೆಗಳ ಈ ಸಂಬಂಧ ಮನುಷ್ಯನಿಗಷ್ಟೇ ಸೀಮಿತವಲ್ಲ. 2015ರಲ್ಲಿ ಬ್ರುನೊ ಮೋಟಾ ಮತ್ತು ಸುಝಾನಾ ಹರ್ಕ್ಯುಲಾನೊ-ಹೂಝೆಲ್ ಅನೇಕ ಸಸ್ತನಿಗಳನ್ನು ಹೋಲಿಸಿ, ಮಡಿಕೆಯ ಪ್ರಮಾಣವು ನರಕೋಶಗಳ ಸಂಖ್ಯೆಯನ್ನಲ್ಲ, ಕಾರ್ಟೆಕ್ಸ್‌ನ ವಿಸ್ತೀರ್ಣ ಮತ್ತು ದಪ್ಪವನ್ನು ಅನುಸರಿಸುತ್ತದೆ ಎಂದು ತೋರಿಸಿದರು. ಮನಾಟಿ ಎಂಬ ಕಡಲ ಪ್ರಾಣಿಯ ಮೆದುಳು ದೊಡ್ಡದಾಗಿದ್ದೂ ನಯವಾಗಿರುವುದು, ಅದರ ಕಾರ್ಟೆಕ್ಸ್ ದಪ್ಪವಾಗಿರುವುದನ್ನು ಗಮನಿಸಿದರೆ ವಿಚಿತ್ರವೆನಿಸುವುದಿಲ್ಲ.

ಲಿಸೆನ್‌ಸೆಫಲಿಗೆ ಕಾರಣವಾಗುವ ಎಲ್‌ಐಎಸ್1 ವಂಶವಾಹಿಯನ್ನು 1993ರಲ್ಲಿ ಗುರುತಿಸಿದವರಲ್ಲಿ ಓರ್ಲಿ ರೈನರ್ ಒಬ್ಬರು. 2018ರಲ್ಲಿ ಇಸ್ರೇಲಿನ ವೈಝ್‌ಮನ್ ಸಂಸ್ಥೆಯಲ್ಲಿ ಅವರೂ ಇಯಾಲ್ ಕಾರ್ಝ್‌ಬ್ರುನ್ ಮೊದಲಾದವರೂ ಮನುಷ್ಯನ ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಮೆದುಳಿನ ಅಂಗಾಂಶವನ್ನು ‘ಚಿಪ್’ ಎಂದು ಕರೆಯುವ ತೆಳುವಾದ ಪ್ರಯೋಗ ಸಾಧನವೊಂದರೊಳಗಿಟ್ಟು, ಅದು ಸುಕ್ಕುಗಟ್ಟುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದರು. ಅಂಗಾಂಶದ ಒಳಅಂಚಿನಲ್ಲಿ ಕೋಶಗಳ ಒಳಹಂದರ ಸಂಕುಚಿಸುತ್ತಿತ್ತು, ಹೊರಅಂಚಿನಲ್ಲಿ ಕೋಶಕೇಂದ್ರಗಳು ಹಿಗ್ಗುತ್ತಿದ್ದವು, ಈ ಎರಡರ ವ್ಯತ್ಯಾಸದಿಂದ ಸುಕ್ಕು ಏಳುತ್ತಿತ್ತು. ಎಲ್‌ಐಎಸ್1 ದೋಷವಿದ್ದ ಅಂಗಾಂಶದಲ್ಲಿ ಸುಕ್ಕುಗಳು ಕಡಿಮೆಯಾದವು, ಜೊತೆಗೆ ಆ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಮೃದುವಾಗಿಯೂ ಇದ್ದವು. ಈ ಸುಕ್ಕುಗಳು ಭ್ರೂಣದ ಮಡಿಕೆಗಳಿಗಿಂತ ಬಹಳ ಮೊದಲಿನ ಹಂತದವಾದ್ದರಿಂದ ಎರಡನ್ನೂ ಒಂದೇ ಎನ್ನಲಾಗದು. ಆದರೂ ವಂಶವಾಹಿಯ ಒಂದು ದೋಷ ಅಂಗಾಂಶದ ಯಾಂತ್ರಿಕ ಗುಣವನ್ನೇ ಬದಲಿಸುತ್ತದೆ ಎಂಬುದು ಇಲ್ಲಿ ಅಳತೆಗೆ ಸಿಕ್ಕಿತು.

ವೈದ್ಯಕೀಯದಲ್ಲಿ ಇದೆಲ್ಲಕ್ಕೂ ನೇರ ಸಂಬಂಧವಿದೆ. ಭ್ರೂಣದ ಎಂಆರ್‌ಐ ನೋಡುವ ತಜ್ಞರು ಮಡಿಕೆಗಳನ್ನು ಗರ್ಭದ ವಾರಗಳೊಂದಿಗೆ ಹೋಲಿಸಿಯೇ ತೀರ್ಮಾನಕ್ಕೆ ಬರಬೇಕು, ಏಕೆಂದರೆ 20ನೇ ವಾರದಲ್ಲಿ ನಯವಾದ ಮೆದುಳು ಸಹಜ, 34ನೇ ವಾರದಲ್ಲಿ ಅದೇ ನಯ ಆತಂಕದ ವಿಷಯ. ಅವಧಿಗೆ ಮೊದಲು ಹುಟ್ಟಿದ ಶಿಶುಗಳಲ್ಲಿ ಮಡಿಚಿಕೊಳ್ಳುವ ಕ್ರಿಯೆ ಗರ್ಭದ ಹೊರಗೆ, ನವಜಾತ ಶಿಶು ಘಟಕದಲ್ಲಿ ಮುಂದುವರಿಯುತ್ತದೆ. ಭಾರತೀಯ ಭ್ರೂಣಗಳ ಬಗೆಗೂ ಈಗ ಒಳ್ಳೆಯ ಆಧಾರ ದೊರೆತಿದೆ: ಮದ್ರಾಸ್ ಐಐಟಿಯ ಸುಧಾ ಗೋಪಾಲಕೃಷ್ಣನ್ ಮೆದುಳು ಕೇಂದ್ರವು 2024ರ ಡಿಸೆಂಬರ್‌ನಲ್ಲಿ ‘ಧರಣಿ’ ಎಂಬ ಹೆಸರಿನಲ್ಲಿ ಗರ್ಭಧಾರಣೆಯ ಎರಡನೇ ತ್ರೈಮಾಸಿಕದ ಮೆದುಳುಗಳ 5132 ಛೇದಗಳ ಅತಿ ಸೂಕ್ಷ್ಮ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಮಡಿಕೆಗಳು ಇನ್ನೇನು ಆರಂಭವಾಗುವ ಕಾಲದ ಪದರಗಳ ದಪ್ಪವನ್ನೂ ಕೋಶಗಳ ಹಂಚಿಕೆಯನ್ನೂ ಊಹೆಯಿಂದಲ್ಲದೆ ನೋಡಿಯೇ ತಿಳಿಯಲು ಇಂತಹ ಸಂಗ್ರಹ ಬೇಕು.

ಜೆಲ್‌ನ ದಾರಿ 2016ಕ್ಕೆ ನಿಲ್ಲಲಿಲ್ಲ. ಫೆರೆಟ್ ಮರಿ ನಯವಾದ ಮೆದುಳಿನೊಂದಿಗೆ ಹುಟ್ಟಿ, ಹುಟ್ಟಿದ ಮುಂದಿನ ವಾರಗಳಲ್ಲಿ ಮಡಿಕೆಗಳನ್ನು ಪಡೆಯುವುದರಿಂದ ಪ್ರಯೋಗಕ್ಕೆ ಬಹಳ ಅನುಕೂಲದ ಪ್ರಾಣಿ. ಎಸ್‌ಸಿಎನ್3ಎ ಎಂಬ ವಂಶವಾಹಿಯ ದೋಷ ಮನುಷ್ಯನಲ್ಲಿ ಪಾಲಿಮೈಕ್ರೋಗೈರಿಯಾ ತರಬಲ್ಲದು ಎಂದೂ ದೋಷಯುಕ್ತ ರೂಪವನ್ನು ಫೆರೆಟ್‌ಗೆ ಸೇರಿಸಿದಾಗ ಅದರ ಮಡಿಕೆಗಳೂ ಕೆಡುತ್ತವೆ ಎಂದೂ 2018ರಲ್ಲಿ ತಿಳಿದಿತ್ತು. 2025ರಲ್ಲಿ ಮಹದೇವನ್ ಅವರ ತಂಡವೂ ನರವಿಜ್ಞಾನಿ ಕ್ರಿಸ್ಟೋಫರ್ ವಾಲ್ಶ್ ಅವರ ತಂಡವೂ ಸೇರಿ ಫೆರೆಟ್‌ನ ಜೆಲ್ ಮೆದುಳು, ಕಂಪ್ಯೂಟರ್ ಮಾದರಿ ಮತ್ತು ನಿಜವಾದ ಫೆರೆಟ್ ಮೆದುಳು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದವು. ಸಹಜ ಮಡಿಕೆಯ ಜೊತೆಗೆ, ಬೆಳವಣಿಗೆಯ ದರ ಅಥವಾ ಪದರದ ದಪ್ಪ ಸ್ಥಳೀಯವಾಗಿ ಬದಲಾದಾಗ ಮಡಿಕೆ ಯಾವ ರೀತಿ ಕೆಡುತ್ತದೆ ಎಂಬುದನ್ನೂ ಅದೇ ಮಾದರಿಯಲ್ಲಿ ಲೆಕ್ಕ ಹಾಕಲಾಯಿತು. 2016ರ ಜೆಲ್‌ನಲ್ಲಿ ಬೇಕೆಂದೇ ಬಿಟ್ಟಿದ್ದ ಸ್ಥಳೀಯ ವ್ಯತ್ಯಾಸಗಳು ಈ ಲೆಕ್ಕದಲ್ಲಿ ಹೀಗೆ ಒಂದೊಂದಾಗಿ ಸೇರುತ್ತಿವೆ, ವಂಶವಾಹಿಯ ದೋಷದಿಂದ ಮಡಿಕೆಯ ದೋಷದವರೆಗಿನ ನಡುವಣ ಹೆಜ್ಜೆಗಳು ಸಂಖ್ಯೆಗಳಲ್ಲಿ ಬರೆಯಬಲ್ಲವಾಗುತ್ತಿವೆ.